ಬ್ರಿಜೆಟ್‌ಳ ತಪ್ಪು

ಪಿ.ಎ. ಶಾಲೆಯ ಸಂದರ್ಶನಕ್ಕೆ ಹೋಗುವವರ ಬಳಿ ಒಂದು ತಪ್ಪು ಇರಲೇಬೇಕು. ಡಾಕ್ಟರರ ಕೈಕೆಳಗೆ ರೋಗಿಗಳನ್ನು ನೋಡಿ ಔಷಧಿ ಬರೆದುಕೊಡುವ ಆ ಫಿಜಿಶಿಯನ್ ಅಸಿಸ್ಟೆಂಟ್ ಕೆಲಸ ಬೇಕೆಂದರೆ ಮೊದಲು ಶಾಲೆಗೆ ಸೇರಬೇಕು. ಶಾಲೆಗೆ ಸೇರಬೇಕೆಂದರೆ, ಮೇಜಿನಾಚೆ ಕೂತವರು "ನೀವು ಮಾಡಿದ ಒಂದು ತಪ್ಪು ಹೇಳಿ" ಎಂದಾಗ ತಡವರಿಸದೆ ಹೇಳಬೇಕು. ತಪ್ಪು ತೀರಾ ಸಣ್ಣದಾದರೆ ಮುಚ್ಚಿಡುತ್ತಿದ್ದಾರೆ ಎನ್ನುತ್ತಾರೆ, ತೀರಾ ದೊಡ್ಡದಾದರೆ ಬಾಗಿಲು ತೋರಿಸುತ್ತಾರೆ. ಹದವಾಗಿ ಬೆಂದ ತಪ್ಪು ಬೇಕು. ಹಾಗಾಗಿ ಎಲ್ಲರೂ ಮನೆಯಲ್ಲಿ ಕೂತು ಅಳತೆಗೆ ತಕ್ಕ ತಪ್ಪೊಂದನ್ನು ಹೊಲಿದುಕೊಂಡು ಬರುತ್ತಾರೆ. ಅದು ಮೇಜಿನ ಆಚೆಯವರಿಗೂ ಗೊತ್ತು, ಈಚೆಯವರಿಗೂ ಗೊತ್ತು. ಆದರೂ ವರ್ಷವರ್ಷವೂ ಈ ನಾಟಕ ನಡೆಯುತ್ತದೆ.

ದೊಡ್ಡ ಸರೋವರದ ದಂಡೆಯಲ್ಲಿರುವ ಆಲ್ಪೀನಾ ಊರಿನ ಆಂಬುಲೆನ್ಸ್ ಕಂಪನಿಯಲ್ಲಿ ಕೆಲಸ ಮಾಡುವ ಬ್ರಿಜೆಟ್ ಕಲಿನೋವ್ಸ್ಕಿಗೆ ಇದು ಎರಡು ಸಲ ಪೆಟ್ಟು ತಿಂದ ಮೇಲೆ ಅರ್ಥವಾಗಿತ್ತು. ಇದು ಅವಳ ಮೂರನೇ ಪ್ರಯತ್ನ, ಕೊನೆಯದೂ ಹೌದು. ಕಾಲೇಜಿನ ರಸಾಯನಶಾಸ್ತ್ರದ ಅಂಕಗಳಿಗೆ ಹತ್ತು ವರ್ಷ ದಾಟಿದರೆ ಆ ಶಾಲೆ ಅವನ್ನು ಒಪ್ಪುವುದಿಲ್ಲ. ಬರುವ ಬೇಸಿಗೆಗೆ ಅವಳ ಅಂಕಗಳಿಗೆ ಹತ್ತು ತುಂಬುತ್ತಿತ್ತು. ಮೂವತ್ತೊಂದರ ವಯಸ್ಸಿನಲ್ಲಿ ಮತ್ತೆ ಮೊದಲಿನಿಂದ ಪರೀಕ್ಷೆ ಕಟ್ಟುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಈ ಸಲ ಮಾತ್ರ ಅವಳು ಒಂಟಿಯಾಗಿರಲಿಲ್ಲ. ಒಂದೂವರೆ ವರ್ಷದಿಂದ ಅದೇ ಆಂಬುಲೆನ್ಸಿನಲ್ಲಿ ಜೋಡಿಯಾಗಿದ್ದ ಕೆಂಡ್ರಾ ಲಾಫೋರ್ಜ್ ಕೂಡ ಅದೇ ಶಾಲೆಗೆ ಅರ್ಜಿ ಹಾಕಿದ್ದಳು. ರೋಗಿಗಳ ಕರೆ ಬರುವವರೆಗೆ ಇಬ್ಬರೂ ಗಾಡಿಯನ್ನು ಸರೋವರದ ದಂಡೆಯಲ್ಲಿ ನಿಲ್ಲಿಸಿಕೊಂಡು ಅಭ್ಯಾಸ ಮಾಡುತ್ತಿದ್ದರು. ಕೆಂಡ್ರಾ ಕಪ್ಪು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಪ್ರೊಫೆಸರ್ ಆಗುತ್ತಿದ್ದಳು.

"ಡಾಕ್ಟರ್ ಯಾಕೆ ಬೇಡ? ನರ್ಸ್ ಯಾಕೆ ಬೇಡ? ಪಿ.ಎ.ನೇ ಯಾಕೆ ಆಗ್ಬೇಕು?"

"ನಂಗೆ ಚಿಕ್ಕಂದಿನಿಂದ ರೋಗಿಗಳ ಸೇವೆ..."

"ಥೂ, ಸಾಕು ನಿಲ್ಸು, ನಿದ್ದೆ ಬಂತು. ಎಲ್ರೂ ಅದನ್ನೇ ಬೊಗಳ್ತಾರೆ ಕಣೇ. ಮತ್ತೆ ನಿಮ್ಮಜ್ಜಿ ಸುದ್ದಿ ತರ್ಬೇಡ. ಅಲ್ಲಿಗೆ ಬರೋ ಪ್ರತಿಯೊಬ್ರಿಗೂ ಒಬ್ಬೊಬ್ಬ ಅಜ್ಜಿ ಸತ್ತಿರ್ತಾಳೆ."

ಬ್ರಿಜೆಟ್ ನಕ್ಕು ಕಾಫಿ ಚೆಲ್ಲಿಕೊಳ್ಳುತ್ತಿದ್ದಳು. ಹಿಂದಿನ ಎರಡು ವರ್ಷ ಅವಳು ಕನ್ನಡಿಯ ಮುಂದೆ ನಿಂತು ಒಬ್ಬಳೇ ಒದರಿಕೊಂಡಿದ್ದಳು. ತನ್ನ ಮಾತನ್ನು ಕೇಳಿ, ಬೈದು, ತಿದ್ದುವ ಒಂದು ಜೀವ ಪಕ್ಕದಲ್ಲಿದೆ ಎನ್ನುವುದೇ ಅವಳಿಗೆ ದೊಡ್ಡ ಸುಖವಾಗಿತ್ತು.

ಅಕ್ಟೋಬರಿನ ಒಂದು ಮಧ್ಯಾಹ್ನ ಕೆಂಡ್ರಾ ತಪ್ಪಿನ ಪ್ರಶ್ನೆಗೆ ಬಂದಳು. ಬ್ರಿಜೆಟ್ ಅದುವರೆಗೆ ಮೇಲಧಿಕಾರಿಯನ್ನು ಬಿಟ್ಟು ಬೇರೆ ಯಾರಿಗೂ ಹೇಳದಿದ್ದುದನ್ನು ಅಂದು ಹೇಳಿದಳು. ಮೂರು ವರ್ಷದ ಹಿಂದಿನ ಮಾತು. ಬೌಲಿಂಗ್ ಆಟದ ಕಟ್ಟಡದ ಹಿಂಬಾಗಿಲಲ್ಲಿ ಲೈಲ್ ಎಂಬ ನಡುವಯಸ್ಸಿನವನು ಬಿದ್ದಿದ್ದ. ಬಾಯಲ್ಲಿ ಬಿಯರ್ ವಾಸನೆ. ಅವನು ಕುಡಿಯುತ್ತಾನೆಂದು ಊರಿಗೆಲ್ಲ ಗೊತ್ತು. ಅವನು ಕುಡಿದು ಬಿದ್ದಿದ್ದಾನೆ ಎಂದೇ ಅವಳೂ ತಿಳಿದಳು. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡುವುದು ಅರ್ಧ ನಿಮಿಷದ ಕೆಲಸ. ಅವಳು ಇಪ್ಪತ್ತು ನಿಮಿಷ ಅದನ್ನು ಮಾಡಲಿಲ್ಲ. ಮಾಡಿದಾಗ ಸಕ್ಕರೆ ಪಾತಾಳಕ್ಕಿಳಿದಿತ್ತು. ಲೈಲ್ ಬದುಕಿದ, ಆದರೆ ಅವನ ಮಾತು ಮತ್ತೆ ನೆಟ್ಟಗಾಗಲಿಲ್ಲ. ಅಂದು ಜೊತೆಗಿದ್ದ ಮುದುಕ ರಸ್ ಗಾಡಿ ಓಡಿಸುತ್ತಿದ್ದ, ಅವನಿಗೆ ಏನೂ ಗೊತ್ತಾಗಿರಲಿಲ್ಲ. ಅವಳು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳೇ ಸಂಜೆ ಕೂತು, ತಪ್ಪು ನನ್ನದು ಎಂದು ವರದಿ ಬರೆದು ಮೇಲಧಿಕಾರಿಗೆ ಕೊಟ್ಟಿದ್ದಳು.

"ಅವನ ತಂಗಿ ಬೇಕರಿ ಇಟ್ಕೊಂಡಿದ್ದಾಳೆ. ಆ ಬೀದೀಲಿ ನಾನು ಇವತ್ತಿಗೂ ಕಾಲಿಡಲ್ಲ. ಇದನ್ನೇ ಹೇಳ್ಬಿಡ್ಲಾ ಅಲ್ಲಿ?"

ಕೆಂಡ್ರಾ ಅವಳ ಕೈ ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

"ಬ್ರಿಜ್, ನಿನ್ನ ಕಾಲಿಗೆ ಬೀಳ್ತೀನಿ, ಇದನ್ನ ಮಾತ್ರ ಅಲ್ಲಿ ಬಾಯಿ ಬಿಡ್ಬೇಡ. ಒಬ್ಬ ಮನುಷ್ಯನ ಮಾತೇ ಹೋಯ್ತು ಅಂದ್ರೆ ಅವ್ರು ಆಮೇಲೆ ಏನೂ ಕೇಳಿಸ್ಕೊಳ್ಳಲ್ಲ. ಹೂತು ಹಾಕ್ಬಿಡು."

ಹೂತು ಹಾಕಿದರು. ಬದಲಿಗೆ, ಒಂದು ಬೆಳಿಗ್ಗೆ ಆಮ್ಲಜನಕದ ಸಿಲಿಂಡರ್ ಎಷ್ಟು ತುಂಬಿದೆ ಎಂದು ನೋಡಲು ಮರೆತದ್ದನ್ನು ಇಬ್ಬರೂ ಸೇರಿ ಹದಿನೈದು ದಿನ ತೀಡಿ ತಿದ್ದಿದರು.

ಜನವರಿಯಲ್ಲಿ ಇಬ್ಬರಿಗೂ ಒಂದೇ ದಿನಕ್ಕೆ ಸಂದರ್ಶನದ ಕರೆ ಬಂತು. ಕೆಂಡ್ರಾಳ ಕಾರಿನಲ್ಲಿ, ಹಿಮ ಸರಿಸಿದ ಹೆದ್ದಾರಿಯಲ್ಲಿ, ನಾಲ್ಕು ಗಂಟೆ ಹಾಡು ಹೇಳಿಕೊಂಡು ಹೋದರು. ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ಕೆಂಡ್ರಾ ಅವಳ ಅಂಗಿಗೆ ಇಸ್ತ್ರಿ ಹಾಕಿಕೊಟ್ಟು, ಕಾಲರ್ ನೆಟ್ಟಗೆ ಮಾಡಿ, "ಅಜ್ಜಿ ಸುದ್ದಿ ಬಂದ್ರೆ ಒದೀತೀನಿ" ಎಂದಳು.

ಶಾಲೆಯಲ್ಲಿ ಮೊದಲ ಸುತ್ತು ಗುಂಪಿನ ಸಂದರ್ಶನ. ಇವರಿಬ್ಬರೂ ಸೇರಿ ಆರು ಮಂದಿ ಅರ್ಧವೃತ್ತದಲ್ಲಿ, ಎದೆಯ ಮೇಲೆ ಹೆಸರಿನ ಚೀಟಿ. ಎದುರಿಗೆ ಮಿಸೆಸ್ ಓಡೆಲ್ ಎಂಬ ಹಿರಿಯ ಪ್ರೊಫೆಸರ್, ಪಕ್ಕದಲ್ಲಿ ಬರೆದುಕೊಳ್ಳಲು ಇನ್ನೊಬ್ಬ. ಅವರು ಕೇಳಿದ ಪ್ರಶ್ನೆ ತುಸು ಬೇರೆಯಾಗಿತ್ತು.

"ನಿಮ್ಮ ಜೊತೆ ಕೆಲಸ ಮಾಡೋರು ತಪ್ಪು ಮಾಡಿದ್ದನ್ನ ನೋಡಿದೀರಾ? ಆಗ ನೀವೇನು ಮಾಡಿದ್ರಿ?"

ಕೆಂಡ್ರಾ ಮೊದಲು ಕೈ ಎತ್ತಿದಳು. "ಮೂರು ವರ್ಷದ ಹಿಂದೆ ಒಬ್ಬ ಮನುಷ್ಯ ಪ್ರಜ್ಞೆ ಇಲ್ದೆ ಬಿದ್ದಿದ್ದ, ಬಿಯರ್ ವಾಸನೆ ಬರ್ತಿತ್ತು" ಎಂದು ಶುರುಮಾಡಿದಳು. ಬ್ರಿಜೆಟ್ ಮೊದಲು, ನನ್ನ ಕಥೆಯನ್ನೇ ಎಷ್ಟು ಹೋಲುತ್ತದಲ್ಲ ಎಂದುಕೊಂಡಳು. ಬೌಲಿಂಗ್ ಕಟ್ಟಡದ ಹಿಂಬಾಗಿಲು ಬಂದಾಗ ಅವಳು ಥಟ್ಟನೆ ಕೆಂಡ್ರಾಳ ಕಡೆ ತಿರುಗಿದಳು. ಲೈಲ್ ಬಿದ್ದ ದಿನ ಗಾಡಿಯಲ್ಲಿ ಇದ್ದದ್ದು ರಸ್, ಕೆಂಡ್ರಾ ಅಲ್ಲ.

"ನನ್ನ ಜೋಡಿ, ಕುಡ್ದಿದ್ದಾನೆ ಬಿಡು ಅಂದ್ಲು. ನಾನು ಸಕ್ಕರೆ ನೋಡೋಣ ಅಂತ ಎರಡು ಸಲ ಹೇಳ್ದೆ. ಕೊನೆಗೆ ನಾನೇ ಮಿಷನ್ ತೆಗ್ದು ನೋಡ್ದೆ. ಸಂಜೆ ಅವಳ ಪಕ್ಕ ಕೂತು, ಧೈರ್ಯ ಹೇಳಿ, ವರದಿ ಬರೆಸ್ದೆ. ತುಂಬಾ ಅತ್ಲು. ಅವಳ ಹೆಸ್ರು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ."

ಒಂದು ಪದವೂ ಎಡವಲಿಲ್ಲ. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಳು. ಇದು ನಿನ್ನೆ ಮೊನ್ನೆ ಕಲಿತದ್ದಲ್ಲ ಎಂದು ಬ್ರಿಜೆಟ್‌ಗೆ ಹೊಳೆಯಿತು. ಸಿಲಿಂಡರಿನ ಕಥೆಯನ್ನು ತನ್ನೊಡನೆ ತಿದ್ದುತ್ತಿದ್ದ ಆ ಹದಿನೈದು ದಿನವೂ ಮನೆಗೆ ಹೋಗಿ ಈ ಮಹಾರಾಯ್ತಿ ಇದನ್ನು ಬಾಯಿಪಾಠ ಮಾಡಿದ್ದಾಳೆ.

ಓಡೆಲ್ ಉಳಿದವರ ಕಡೆ ತಿರುಗಿದರು. "ಆ ಜೋಡಿ ಬಗ್ಗೆ ನಿಮಗೆಲ್ಲ ಏನನ್ಸುತ್ತೆ?"

"ಅಂಥೋರನ್ನ ಅವತ್ತೇ ಗಾಡಿಯಿಂದ ಇಳಿಸ್ಬೇಕಿತ್ತು" ಎಂದ ನೀಲಿ ಟೈಯವನೊಬ್ಬ.

"ವಾಸನೆ ನೋಡಿ ರೋಗ ಹೇಳೋರ ಕೈಗೆ ನಮ್ಮಪ್ಪನನ್ನ ನಾನಂತೂ ಕೊಡಲ್ಲ" ಎಂದಳು ಅವನ ಪಕ್ಕದವಳು.

ಅವರಿಗೇನು, ಇಪ್ಪತ್ತಮೂರು ವಯಸ್ಸು, ಕೈ ತಪ್ಪುವಂಥ ಕೆಲಸವನ್ನೇ ಇನ್ನೂ ಮಾಡಿರಲಿಲ್ಲ. ಬ್ರಿಜೆಟ್ ನೆಲ ನೋಡುತ್ತ ಕೂತಿದ್ದಳು. ಸುಮ್ಮನೆ ಹೂಂಗುಟ್ಟಿದರೆ ಮುಗಿಯಿತು, ಸೀಟು ಇನ್ನೂ ಕೈಗೆಟುಕುವಷ್ಟು ದೂರದಲ್ಲೇ ಇದೆ. ತನ್ನನ್ನು ತಾನೇ ಬೇರೊಬ್ಬಳೆಂಬಂತೆ ಎರಡು ಮಾತು ಬೈದುಬಿಟ್ಟರೆ ಸಾಕು.

"ಬ್ರಿಜೆಟ್, ನೀವೇನಂತೀರಿ?"

"ಆ ಜೋಡಿ ನಾನೇ" ಎಂದಳು ಬ್ರಿಜೆಟ್.

ಬರೆಯುತ್ತಿದ್ದವನ ಪೆನ್ನು ನಿಂತಿತು. ನೀಲಿ ಟೈಯವನು ಕೆಮ್ಮಿದ. ಕೆಂಡ್ರಾಳ ಮುಖ ಒಂದು ಕ್ಷಣ ಬಿಳುಚಿತು, ಒಂದೇ ಕ್ಷಣ. ಆಮೇಲೆ ಅವಳು ಬಾಗಿ ಬ್ರಿಜೆಟ್‌ಳ ಮೊಣಕೈ ಮುಟ್ಟಿದಳು.

"ನಾನಾಗಿ ಹೆಸ್ರು ಹೇಳ್ಬಾರ್ದು ಅಂತಿದ್ದೆ" ಎಂದಳು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ. "ಇಷ್ಟು ಜನರ ಎದುರು ಒಪ್ಕೊಂಡ್ಲಲ್ಲ, ಇವಳ ಬಗ್ಗೆ ನಂಗೆ ಹೆಮ್ಮೆ ಆಗ್ತಿದೆ."

ಓಡೆಲ್ ಕಣ್ಣು ತೇವವಾಯಿತು. ಅವರು ತಲೆದೂಗಿದ್ದು ಕೆಂಡ್ರಾಳ ಕಡೆಗೆ. ತಪ್ಪನ್ನು ಕದ್ದವಳು ಈಗ ಒಪ್ಪಿಕೊಂಡ ಧೈರ್ಯವನ್ನೂ ಎತ್ತಿ ಜೇಬಿಗೆ ಹಾಕಿಕೊಂಡಿದ್ದಳು.

"ನೀನು ಅವತ್ತು ಅಲ್ಲಿ ಇರ್ಲಿಲ್ಲ ಕೆಂಡ್ರಾ. ವರದಿ ನಾನೇ ಬರ್ದೆ."

ಓಡೆಲ್ ಇಬ್ಬರನ್ನೂ ಒಮ್ಮೆ ನೋಡಿದರು. ಆಮೇಲೆ ಗಡಿಯಾರ ನೋಡಿ, ಸಮಯವಾಯಿತು, ಮುಂದಿನ ಕೋಣೆಗೆ ಹೋಗಿ ಎಂದರು. ಮುಂದಿನ ಕೋಣೆಗಳಲ್ಲಿ ಬ್ರಿಜೆಟ್ ಏನು ಹೇಳಿದಳೋ ಅವಳಿಗೇ ನೆನಪಿಲ್ಲ.

ಊರಿಗೆ ಹಿಂದಿರುಗಲು ಇದ್ದದ್ದು ಕೆಂಡ್ರಾಳ ಕಾರೊಂದೇ. ಹೆದ್ದಾರಿಗೆ ಬಂದ ಮೇಲೆ ಕೆಂಡ್ರಾಳೇ ಸಿಡಿದಳು.

"ಏನೋ ಕೊಲೆ ಮಾಡಿರೋ ಹಾಗೆ ಕೂತಿದೀಯಲ್ಲ! ನೀನಂತೂ ಅದನ್ನ ಹೇಳಲ್ಲ ಅಂದಿದ್ದೆ. ಸುಮ್ನೆ ಬಿದ್ದಿತ್ತು."

"ಹೇಳ್ಬೇಡ ಅಂದೋಳು ನೀನು. ಕಾಲಿಗೆ ಬೀಳ್ತೀನಿ ಅಂದೆ."

"ಅವತ್ತು ನಿಜವಾಗ್ಲೂ ನಿನ್ನ ಒಳ್ಳೇದಕ್ಕೇ ಹೇಳಿದ್ದು. ದೇವರಾಣೆ." ಕೆಂಡ್ರಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಆಮೇಲೆ... ನನ್ನ ಹತ್ರ ಏನೂ ಇರ್ಲಿಲ್ಲ ಬ್ರಿಜ್. ಎಲ್ಲಾ ಕಾಗದದ ಹೂವು. ನೀನು ಹೇಳ್ದಾಗ ನಂಗೆ ಮೈ ಜುಮ್ ಅಂತು. ಹೆಸ್ರು ಹೇಳ್ಲಿಲ್ವಲ್ಲ ನಾನು. ನೀನು ಬಾಯಿ ಮುಚ್ಕೊಂಡಿದ್ರೆ ಇಬ್ರೂ ದಾಟ್ತಿದ್ವಿ."

ಬ್ರಿಜೆಟ್ ಅತ್ತಳು. ಅದನ್ನು ಕಂಡರೂ ಕೆಂಡ್ರಾ ತನಗೆ ಬೇಕಾದದ್ದನ್ನು ಕೇಳದೆ ಬಿಡಲಿಲ್ಲ.

"ಅವ್ರು ಫೋನ್ ಮಾಡಿ ಕೇಳ್ಬೋದು. ನಾನೂ ಇದ್ದೆ ಅಂತ ಒಂದ್ಮಾತು ಹೇಳ್ಬಿಡೇ. ನಿಂದೇನೂ ಹೋಗಲ್ಲ."

ಮುಂದಿನ ಗುರುವಾರ ಬ್ರಿಜೆಟ್ ಗಾಡಿ ತೊಳೆಯುತ್ತಿದ್ದಾಗ ಓಡೆಲ್ ಫೋನ್ ಮಾಡಿದರು. ಕಂಪನಿಯನ್ನು ಕೇಳಿದ್ದರಂತೆ, ಅಂಥ ವರದಿಗಳು ಗುಟ್ಟಿನವು, ತೋರಿಸುವ ಹಾಗಿಲ್ಲ ಎಂದರಂತೆ. ಹಾಗಾಗಿ ನಿಮ್ಮನ್ನೇ ಕೇಳುತ್ತಿದ್ದೇನೆ ಎಂದರು.

"ಅವತ್ತು ಕೆಂಡ್ರಾ ನಿಮ್ಮ ಜೊತೆ ಇದ್ರಾ?"

ಮೂರು ವರ್ಷ ನೂರಾರು ಉತ್ತರ ಕಲಿತವಳಿಗೆ ಇದೊಂದಕ್ಕೆ ಅಭ್ಯಾಸವಿರಲಿಲ್ಲ.

"ಇಲ್ಲ."

ಓಡೆಲ್ ವಂದನೆ ಹೇಳಿದರು. ನಿಮ್ಮ ಹೆಸರು ಕಾಯುವ ಪಟ್ಟಿಯಲ್ಲಿ ಹದಿನಾಲ್ಕನೆಯದು, ಅಷ್ಟು ಕೆಳಗಿನವರೆಗೆ ನಾವು ಯಾವತ್ತೂ ಬಂದಿಲ್ಲ, ನಿಮ್ಮಲ್ಲಿ ಸುಳ್ಳು ಆಸೆ ಹುಟ್ಟಿಸುವುದು ನನಗಿಷ್ಟವಿಲ್ಲ ಎಂದರು. ಬ್ರಿಜೆಟ್ ಫೋನಿಟ್ಟು ಗಾಡಿಯ ಉಳಿದರ್ಧವನ್ನೂ ತೊಳೆದಳು.

ಶನಿವಾರ ಕೆಂಡ್ರಾಗೆ ಪತ್ರ ಬಂತು, ಅರ್ಜಿ ತಿರಸ್ಕರಿಸಿದ್ದೇವೆ ಎಂದು. ಅಂದೇ ಅವಳು ಜೋಡಿ ಬದಲಿಸಿಕೊಡಿ ಎಂದು ಬರೆದುಕೊಟ್ಟಳು. ಸೋಮವಾರ ಬ್ರಿಜೆಟ್ ಬರುವ ಹೊತ್ತಿಗೆ ಆಂಬುಲೆನ್ಸ್ ಠಾಣೆಯಲ್ಲಿ ಯಾರೂ ಅವಳ ಮುಖ ನೋಡಲಿಲ್ಲ. ಒಂದೇ ಒಂದು ಫೋನಿನಲ್ಲಿ ಗೆಳತಿಯ ಸೀಟು ಕಿತ್ತವಳು ಎಂಬ ಸುದ್ದಿ ಅವಳಿಗಿಂತ ಮುಂಚೆ ಬಂದು ಕೂತಿತ್ತು. ಕೆಂಡ್ರಾ ಗಾಡಿಯಿಂದ ತನ್ನ ಸಾಮಾನು ತೆಗೆದುಕೊಳ್ಳುತ್ತಿದ್ದಳು. ಕಣ್ಣು ಊದಿಕೊಂಡಿದ್ದವು.

"ನನ್ನ ಬೆನ್ನಿಗೆ ಚೂರಿ ಹಾಕ್ದೆ" ಎಂದಳು. "ನಿನ್ನ ಬಗ್ಗೆ ಕೇಳಿದ್ರೆ ನಾನು ಹೂಂ ಅಂತಿದ್ದೆ ಬ್ರಿಜ್. ಒಂದು ಕ್ಷಣ ಯೋಚ್ನೆ ಮಾಡ್ತಿರ್ಲಿಲ್ಲ."

ಅದು ಅಪ್ಪಟ ನಿಜವೆಂದು ಬ್ರಿಜೆಟ್‌ಗೆ ಗೊತ್ತಿತ್ತು. ಕೆಂಡ್ರಾ ಅವಳಿಗಾಗಿ ಎಂಥ ಸುಳ್ಳನ್ನಾದರೂ ಹೇಳುತ್ತಿದ್ದಳು, ಅವಳನ್ನು ದೋಚುವ ಮೊದಲೂ, ದೋಚಿದ ಮೇಲೂ.