ಕನಿಷ್ಠ ಮೂವರು

"ಮೂರನೇದವರು ಎಲ್ಲೆದಾರವಾ?" ಎಂದು ನಾಗರತ್ನಾ ಕೇಳಿದಾಗ ಕಸ್ತೂರಿ ಒಮ್ಮೆ ಬಾಗಿಲ ಕಡೆ ನೋಡಿದಳು.

"ಚೇತನಕುಮಾರ ಬರ್ತೇನಿ ಅಂದಿದ್ದರಿ ಮೇಡಮ್. ಕಲಾದಗ್ಯಾಗ ಅವರಕ್ಕನ ಮನ್ಯಾಗ ಏನೋ ಕಾರ್ಯ ಅಂತ, ಮುಂಜಾನೆನ ಹೋಗ್ಯಾನ."

"ಹಂಗಾರ ಖೋಲಿ ಕೊಡಾಕ ಬರೂದಿಲ್ಲ."

ಬಾಗಲಕೋಟೆಯ ಆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅಧ್ಯಯನ ಕೊಠಡಿಗಳು ನಾಲ್ಕೇ. ಒಬ್ಬೊಬ್ಬರೇ ಒಳಗೆ ಸೇರಿ, ಚಾರ್ಜರು, ನೀರಿನ ಬಾಟಲಿ ಇಟ್ಟು ದಿನವಿಡೀ ಹಿಡಿದುಕೊಳ್ಳತೊಡಗಿದ್ದರಿಂದ ಸಹಾಯಕ ಗ್ರಂಥಪಾಲಕಿ ನಾಗರತ್ನಾ ಹೋದ ವರ್ಷ ತಾನೇ ನಿಯಮ ಬರೆದು ಗೋಡೆಗೆ ಹಚ್ಚಿದ್ದಳು: ಕನಿಷ್ಠ ಮೂವರಿರಬೇಕು, ಎರಡು ತಾಸಿಗಿಂತ ಹೆಚ್ಚಿಲ್ಲ. ಮೊನ್ನೆ ಲಕ್ಷ್ಮಣನೆಂಬ ಹುಡುಗ ಒಬ್ಬನೇ ಬಂದು ಎಷ್ಟು ಕೇಳಿಕೊಂಡರೂ ಅವಳು ಬಿಟ್ಟಿರಲಿಲ್ಲ.

ಕಸ್ತೂರಿಯ ತೋಳು ಹಿಡಿದು ನಿಂತಿದ್ದ ಮುಬಶೀರಾ ಆಗ ಮಾತಾಡಿದಳು. ಇಳಕಲ್ಲಿನ ಹುಡುಗಿ, ಹುಟ್ಟಿನಿಂದ ದೃಷ್ಟಿಯಿಲ್ಲ. "ಕಣ್ಣಿಲ್ಲಂತ ಕೇಳಾಕತ್ತಿಲ್ರಿ ಮೇಡಮ್. ಖೋಲಿ ಖಾಲಿ ಐತಂತ ಕೇಳಾಕತ್ತೇನಿ."

"ನಿಮಗ ಬಿಟ್ರ ನಾಳಿ ಎಲ್ಲಾರೂ ಕೇಳ್ತಾರವಾ," ಎಂದಳು ನಾಗರತ್ನಾ.

ಇಬ್ಬರೂ ಎಲ್ಲರೂ ಕೂತು ಓದುವ ದೊಡ್ಡ ಕೋಣೆಯ ಮೂಲೆಗೆ ಹೋಗಿ ಕುಳಿತರು. ಪರೀಕ್ಷೆಗೆ ಬೇಕಿದ್ದ, ಭೂಕಂದಾಯದ ಮೇಲಿನ ಹಳೆಯ ಪುಸ್ತಕವನ್ನು ಗ್ರಂಥಾಲಯದಿಂದ ಹೊರಗೆ ಒಯ್ಯುವಂತಿರಲಿಲ್ಲ. ಅದರ ಮಾಸಿದ ಅಚ್ಚನ್ನು ಮುಬಶೀರಾಳ ಮೊಬೈಲಿನ ಓದಿ ಹೇಳುವ ಆ್ಯಪು ಗುರುತಿಸುತ್ತಿರಲಿಲ್ಲ. ಕಸ್ತೂರಿ ಗೆಳತಿಯ ಕಿವಿಯ ಹತ್ತಿರ ಬಾಗಿ ಶುರುಮಾಡಿದಳು. ಆದರೆ ಅವಳು ಬೆಳೆದದ್ದು ಗುಳೇದಗುಡ್ಡದಲ್ಲಿ, ಪವರ್‌ಲೂಮುಗಳ ನಡುವೆ. ಊಟಕ್ಕೆ ಕರೆಯುವುದಕ್ಕೂ ಕೂಗಲೇಬೇಕಾದ ಮನೆ. ಪಿಸುಮಾತು ಅವಳಿಗೆ ಒಗ್ಗಿರಲೇ ಇಲ್ಲ. ಮೂರನೆಯ ಸಾಲಿಗೇ ತಲೆಗಳು ತಿರುಗಿದವು. ನಾಗರತ್ನಾಳೇ ಮೇಜು ತಟ್ಟಬೇಕಾಯಿತು. ದನಿ ತಗ್ಗಿತು, ಮತ್ತೆ ಏರಿತು. ಒಬ್ಬ ಹುಡುಗ ಪುಸ್ತಕ ಎತ್ತಿಕೊಂಡು ಆಚೆ ಹೋಗಿ ಕುಳಿತ.

ಮುಬಶೀರಾ ತಡವಿ ಪುಸ್ತಕ ಮುಚ್ಚಿದಳು. "ಸಾಕ್ ಬಿಡು. ಚೇತನ ಬಂದ ಮ್ಯಾಗ ಓದೂಣು."

"ನಾಳೆನ ಪರೀಕ್ಷಾ ಐತಿ."

"ಗೊತ್ತೈತಿ."

ಅಷ್ಟೂ ನಾಗರತ್ನಾಳ ಕಿವಿಗೆ ಬಿತ್ತು. ಎದುರಿಗಿದ್ದ ಎರಡನೆಯ ಕೊಠಡಿಯ ಗಾಜಿನಾಚೆ ಆರು ಕುರ್ಚಿಗಳು ಖಾಲಿ ಇದ್ದವು. ಅವಳು ರಿಜಿಸ್ಟರು ಎಳೆದುಕೊಂಡು ಇಬ್ಬರು ಹುಡುಗಿಯರ ಹೆಸರು ಬರೆದಳು. ಕೆಳಗೆ ಮೂರನೆಯದಾಗಿ ತನ್ನ ಹೆಸರು.

ಅಟೆಂಡರ್ ನೀಲಪ್ಪ ಇಣುಕಿ ನೋಡಿದ. "ಮೇಡಮ್, ಖೋಲಿ ವಿದ್ಯಾರ್ಥಿಗಳಿಗಷ್ಟ ಅಲ್ಲೇನ್ರಿ?"

"ಹಂಗಂತ ಎಲ್ಲಿ ಬರದೇನಿ? ಓದಿ ಹೇಳ್ರಿ."

ನೀಲಪ್ಪ ಮೂಗಿಗೆ ಚಾಳೀಸು ಏರಿಸಿಕೊಂಡು ಗೋಡೆಯ ಮೇಲಿನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದ. "ಬರದಿಲ್ಲ ಬಿಡ್ರಿ. ಆದ್ರ ಆ ಲಕ್ಷ್ಮಣ ಬಂದು ಕೇಳಿದ್ರ?"

"ಅವಗೂ ಒಳಗ ಬಾ ಅನ್ರಿ. ಇನ್ನೂ ಮೂರು ಕುರ್ಚಿ ಅದಾವ. ನೀವು ಒಂದೆರಡು ತಾಸು ಕೌಂಟರ್ ನೋಡ್ಕೋರಿ."

ಮೂವರೂ ಕೊಠಡಿಯೊಳಗೆ ಬಂದು ಬಾಗಿಲು ಮುಚ್ಚಿದ ಮೇಲೆ ಕಸ್ತೂರಿ ಗಂಟಲು ಬಿಚ್ಚಿ ಓದಿದಳು. ಮುಬಶೀರಾ ನಡುನಡುವೆ ತಡೆದು, "ಆ ಇಸವಿ ಇನ್ನೊಮ್ಮೆ ಹೇಳು" ಅನ್ನುತ್ತ ಬ್ರೈಲ್ ಹಲಗೆಯ ಮೇಲೆ ಚುಕ್ಕೆ ಚುಚ್ಚಿ ಬರೆದುಕೊಳ್ಳುತ್ತಿದ್ದಳು. ನಾಗರತ್ನಾ ಮುಗಿಸೋಣವೆಂದು ತಂದಿದ್ದ ಕಡತದ ದಾರವನ್ನೂ ಬಿಚ್ಚಲಿಲ್ಲ. ತಾನು ಎಂ.ಎ.ಗೆ ಇದನ್ನೇ ಓದಿದ್ದು ಅವಳಿಗೆ ನೆನಪಾಗತೊಡಗಿತ್ತು.

ಒಂದು ತಾಸಿನ ಹೊತ್ತಿಗೆ ಕಸ್ತೂರಿಯ ದನಿ ಒಡೆಯಿತು. ಕೆಮ್ಮಿದಳು, ಮತ್ತೆ ಶುರುಮಾಡಿದಳು, ಮತ್ತೆ ಕೆಮ್ಮಿದಳು.

ನಾಗರತ್ನಾ ಕೈ ಚಾಚಿ ಪುಸ್ತಕವನ್ನು ತನ್ನತ್ತ ಎಳೆದುಕೊಂಡಳು. "ಎಲ್ಲಿಗೆ ಬಂದಿತ್ತು?"

ಕಸ್ತೂರಿಗಿಂತ ಮೊದಲೇ ಮುಬಶೀರಾ ಕೊನೆಯ ವಾಕ್ಯವನ್ನು ಒಂದಕ್ಷರವೂ ತಪ್ಪದಂತೆ ಹೇಳಿದಳು. ನಾಗರತ್ನಾ ಅದರ ಮುಂದಿನ ಸಾಲಿಗೆ ಬೆರಳಿಟ್ಟು ಓದತೊಡಗಿದಳು. ಮುಬಶೀರಾ ತನ್ನ ಕುರ್ಚಿಯನ್ನು ಆ ದನಿಯ ಕಡೆಗೆ ತುಸು ತಿರುಗಿಸಿಕೊಂಡಳು.