ದಾನಮ್ಮನ ಟ್ರಂಕು

ನನಗೆ ಹುಟ್ಟಿನಿಂದಲೇ ಗುಮಾನಿ ಜಾಸ್ತಿ. ತರಕಾರಿಯವನು ತೂಗಿದ್ದನ್ನು ಇನ್ನೊಮ್ಮೆ ತೂಗಿಸುವವಳು ನಾನು. ಗಂಡ ನಗುತ್ತಾನೆ, ನಗಲಿ. ಆದರೆ ಒಂದು ಗುಮಾನಿ ಮಾತ್ರ ಇಪ್ಪತ್ತೈದು ವರ್ಷ ನನ್ನನ್ನೇ ತಿಂದಿದೆ.

ಆಗ ನಾನು ಬೀದರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಆರನೇ ಕ್ಲಾಸು. ಮಂಚದ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ತಗಡಿನ ಟ್ರಂಕು. ನನ್ನದರ ಕೊಂಡಿ ಮುರಿದಿತ್ತು. ಭೇಟಿಯ ಭಾನುವಾರ ಅವ್ವ ಮೆಹಕರದಿಂದ ಶೇಂಗಾ ಉಂಡೆ ಕಟ್ಟಿಕೊಂಡು ಬಂದು ಕೊಟ್ಟುಹೋದರೆ, ಮೂರನೇ ದಿನಕ್ಕೇ ಗಂಟು ಸೊರಗಿರುತ್ತಿತ್ತು. ಯಾರ ಕೆಲಸ?

ಪಕ್ಕದ ಮಂಚದವಳು ಔರಾದದ ದಾನಮ್ಮ. ಬೆಳಗಿನ ಪ್ರಾರ್ಥನೆಯ ಗಂಟೆಗೆ ಮೊದಲೇ ಎದ್ದು, ತನ್ನ ಟ್ರಂಕು ತೆಗೆದು, ನಮಗೆಲ್ಲ ಬೆನ್ನು ಹಾಕಿ ಕೂರುತ್ತಿದ್ದಳು. ತಲೆ ಬಗ್ಗಿರುತ್ತಿತ್ತು, ಬಾಯಿ ಆಡುತ್ತಿತ್ತು.

"ಏನ್ ತಿನ್ಲತ್ತಿ?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಏನಿಲ್ಲವಾ," ಎಂದು ಫಟ್ಟನೆ ಮುಚ್ಚಳ ಹಾಕಿದಳು.

ಏನಿಲ್ಲವಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಅದೇ ದಾನಮ್ಮ ದಿನಾ ನನಗೆ ಜಡೆ ಹಾಕುತ್ತಿದ್ದಳು, ಜ್ವರ ಬಂದಾಗ ತಲೆ ಒತ್ತಿದ್ದಳು. ಅದೆಲ್ಲ ಉಂಡೆಯ ಆಸೆಗೇ ಎಂದುಕೊಂಡೆ. ಸೀದಾ ಹೋಗಿ ವಾರ್ಡನ್ ಸಿಸ್ಟರಿಗೆ ಚಾಡಿ ಹೇಳಿದೆ.

ಸಿಸ್ಟರ್ ಎಲ್ಲರೆದುರೇ ಅವಳ ಟ್ರಂಕು ತೆಗೆಸಿದರು. ಉಂಡೆ ಇರಲಿಲ್ಲ. ಲಂಗದ ಮಡಿಕೆಯೊಳಗೆ ಬಿಳಿ ವಸ್ತ್ರ, ವಿಭೂತಿ, ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಕೊರಳಲ್ಲಿ ಏನೂ ಹಾಕಬಾರದೆಂಬುದು ಬೋರ್ಡಿಂಗಿನ ನಿಯಮ. ಅದಕ್ಕೇ ಅವಳು ಬಚ್ಚಿಟ್ಟು, ಕದ್ದು ಪೂಜೆ ಮಾಡುತ್ತಿದ್ದಳು. ಬಾಯಿ ಆಡುತ್ತಿದ್ದದ್ದು ಮಂತ್ರಕ್ಕೆ.

"ರಜೆಗೆ ಹೋಗುವಾಗ ಕೊಡ್ತೇನೆ," ಎಂದು ಸಿಸ್ಟರ್ ಅದನ್ನು ಆಫೀಸಿನ ಕಪಾಟಿನಲ್ಲಿಟ್ಟರು.

ಪೂಜೆ ಇಲ್ಲದೆ ಉಣ್ಣುವುದಿಲ್ಲ ಎಂದು ದಾನಮ್ಮ ಅಜ್ಜಿಗೆ ಮಾತು ಕೊಟ್ಟಿದ್ದಳಂತೆ. ಎರಡು ದಿನ ತಟ್ಟೆ ಮುಟ್ಟಲಿಲ್ಲ. ಮೂರನೇ ದಿನ ಅವಳಪ್ಪ ಹಾವಗೆಪ್ಪ ಬಂದು, ಲಿಂಗ ಬಿಡಿಸಿಕೊಂಡು, ಮಗಳನ್ನೂ ಟ್ರಂಕನ್ನೂ ಔರಾದಕ್ಕೆ ಒಯ್ದ. ಅವಳ ಕಾನ್ವೆಂಟ್ ಅಲ್ಲಿಗೇ ಮುಗಿಯಿತು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಹೋಗಿ ತಪ್ಪಾಯಿತು ಅನ್ನಲಿಲ್ಲ. ನನ್ನ ಉಂಡೆಗಳು ಆಮೇಲೂ ಕಡಿಮೆಯಾಗುತ್ತಲೇ ಇದ್ದವು.

ಹೋದ ತಿಂಗಳು ಭಾಲ್ಕಿ ಬಸ್ ನಿಲ್ದಾಣದಲ್ಲಿ ಯಾರೋ ಹಿಂದಿನಿಂದ ಭುಜ ಹಿಡಿದರು.

"ಆಮ್ರಪಾಲಿ ಅಲ್ಲೇನವಾ ನೀ?"

ದಾನಮ್ಮ! ಔರಾದದಲ್ಲಿ ಅಂಗನವಾಡಿ ಟೀಚರಂತೆ. ಕೊರಳಲ್ಲಿ ಅದೇ ಕರಡಿಗೆ. ಬೈಯಲು ಬಂದಳೇ? ಮತ್ತೆ ಇಷ್ಟೊಂದು ನಗು ಯಾಕೆ?

"ಸುಳ್ಳೇ ಕಳ್ಳಿ ಅಂದೆ ನಿನಗ. ನನ್ನಿಂದ ನಿನ್ನ ಸಾಲಿ ಹಾಳಾಯ್ತು," ಎಂದೆ. ಜನರ ನಡುವೆಯೇ ಅಳು ಬಂದುಬಿಟ್ಟಿತು.

"ಏ ಹುಚ್ಚಿ, ಸುಳ್ಳ ಹ್ಯಾಂಗ? ನಿನ್ನ ಉಂಡಿ ನಾನೇ ತಿಂತಿದ್ದೆ. ಒಂದಲ್ಲ, ಎರಡಲ್ಲ."

ನಾನು ಅವಳ ಮುಖವನ್ನೇ ನೋಡಿದೆ. ಈ ಹಾಳು ಗುಮಾನಿ ಎಲ್ಲಿ ಬಿಡುತ್ತದೆ?

"ಖರೇನ?"

"ಖರೇವಾ. ಎಳ್ಳುಂಡಿ ಭಾಳ ರುಚಿ ಇರ್ತಿದ್ವು. ನಿಮ್ಮವ್ವ ಇನ್ನೂ ಮಾಡ್ತಾಳೇನು?"

ನಮ್ಮವ್ವ ಶೇಂಗಾ ಬಿಟ್ಟು ಬೇರೆ ಉಂಡೆ ಜನ್ಮದಲ್ಲಿ ಕಟ್ಟಿದವಳಲ್ಲ.

"ಮಾಡ್ತಾಳವಾ," ಎಂದು ಕಣ್ಣೊರೆಸಿಕೊಂಡೆ. "ಎಳ್ಳಿನವೇ ಮಾಡ್ತಾಳ. ಮುಂದಿನ ಸಲ ನಿನಗ ತರ್ತೇನಿ."