ಫೋನಿನಲ್ಲಿ ಕೂಗಿದ ಟರ್ಕಿ ಕೋಳಿ

ದೇವನಹಳ್ಳಿ ಸೀಮೆಯ ಒಂದು ಹಳ್ಳಿಯಲ್ಲಿ, ಭೂಸ್ವಾಧೀನದ ವಿರುದ್ಧ ಹಾಕಿದ್ದ ಧರಣಿ ಚಪ್ಪರದಲ್ಲಿ ಎಲ್ಲರೂ ಟಿವಿ ಸುದ್ದಿ ನೋಡಲು ಮಾರಕ್ಕನ ಮೊಬೈಲಿಗೆ ಮುಗಿಬಿದ್ದಿದ್ದರು. ರೈತರ ಪರ ಎನ್ನುತ್ತಿದ್ದ ಮುಖಂಡರೊಬ್ಬರು ಫೋನಿನಲ್ಲೇ ಟಿವಿಗೆ ಸಂದರ್ಶನ ಕೊಡುತ್ತಿದ್ದರು. "ನಿಮ್ಮ ಭೂಮಿ ಉಳಿಸಲು ದೆಹಲಿಗೆ ಬಂದಿದ್ದೇನೆ." ಮಾತಿನ ಹಿಂದೆ ಗುಳುಗುಳು ಎಂಬ ವಿಚಿತ್ರ ಕೂಗು ಕೇಳಿಸಿತು.

"ಸರ್, ಅದೇನು ಶಬ್ದ?" ಎಂದಳು ನಿರೂಪಕಿ.

"ಇಲ್ಲಿನ ಟ್ರಾಫಿಕ್."

ಚಪ್ಪರವೆಲ್ಲ ನಕ್ಕಿತು. ಮಾರಕ್ಕ ನಗಲಿಲ್ಲ. ಅದು ಟರ್ಕಿ ಕೋಳಿಯ ಕೂಗು. ಊರಿನಲ್ಲಿ ಅವನ್ನು ಸಾಕಿದ್ದವನು ಅವಳ ಅಣ್ಣ ಹನುಮಂತರಾಯಪ್ಪ ಒಬ್ಬನೇ. ಮೊದಲ ದಿನದಿಂದ ಧರಣಿಯನ್ನು ಮುಂದೆ ನಿಂತು ನಡೆಸಿದ್ದ ಅವನು ಅಂದು ಜ್ವರವೆಂದು ಮನೆಯಲ್ಲೇ ಉಳಿದಿದ್ದ.

ಅವಳು ಓಡಿದಳು. ಅಣ್ಣನ ಜಗಲಿಯ ಮೇಲೆ ಅದೇ ಮುಖಂಡರು ಕೂತಿದ್ದರು. ಪಕ್ಕದಲ್ಲೇ ಅಣ್ಣ, ಜಮೀನು ಬಿಟ್ಟುಕೊಡುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತಿದ್ದ.

"ಏನಣ್ಣಾ ಇದು? ಪೊಲೀಸ್ನೋರು ನನ್ನ ಎಳ್ಕೊಂಡು ಹೋದಾಗ ಒಂದು ಗುಂಟೇನೂ ಬಿಡಬ್ಯಾಡ ಅಂದೋನು ನೀನೇ ಅಲ್ವಾ?"

"ನಿಂಗೆ ಅರ್ಥ ಆಗಲ್ಲ ಕಣಮ್ಮಾ. ಮನೇಗೆ ಹೋಗು," ಎಂದ ಅಣ್ಣ, ತಲೆಯೆತ್ತದೆ.

ಅವಳು ಮನೆಗೆ ಹೋಗಲಿಲ್ಲ. ಚಪ್ಪರಕ್ಕೆ ಮರಳಿ, ಮೈಕು ಹಿಡಿದು, ಕಂಡದ್ದನ್ನೆಲ್ಲ ಹೇಳಿದಳು. ಅಣ್ಣನ ಹೆಸರು ಮೊದಲ ಸಲ ಯಾರಿಗೂ ಕೇಳಿಸಲಿಲ್ಲ. ಅದೊಂದನ್ನು ಮಾತ್ರ ಎರಡು ಸಲ ಹೇಳಬೇಕಾಯಿತು.